ತೇರು ಎಳೆಯೋರು, ಸನ್ನೆ ಹಾಕೋರು

ನಮ್ಮೂರು ಅರಸೀಕೆರೆ ಅಂದ ಕೂಡಲೇ ಬೆಂಗಳೂರಿನವರು ಕೇಳುವ ಮೊದಲ ಪ್ರಶ್ನೆ, 'ಹಾಸನದ ಹತ್ರ, ರೈಲ್ವೆ ಜಂಕ್ಷನ್ ಇದೆಯಲ್ಲ, ಅದಾ?' ಅಂತ. ಅದಲ್ಲ ಸ್ವಾಮಿ. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಉಚ್ಚಂಗಿದುರ್ಗದ ಗುಡ್ಡ ಕಾಣುವ ಹೋಬಳಿ ಊರು.

ಈ ಊರಿನ ಆಡಳಿತದ ನಕ್ಷೆಯನ್ನ ಒಮ್ಮೆ ನೋಡಿ. ತಹಶೀಲ್ದಾರರು ಇರುವುದು ಹರಪನಹಳ್ಳಿಯಲ್ಲಿ. ಜಿಲ್ಲಾಧಿಕಾರಿ ಇರುವುದು ಹೊಸಪೇಟೆಯಲ್ಲಿ. ವಿಧಾನಸಭೆಗೆ ಮತ ಹಾಕುವುದು ಜಗಳೂರು ಕ್ಷೇತ್ರಕ್ಕೆ, ಅದು ದಾವಣಗೆರೆ ಜಿಲ್ಲೆ. ಲೋಕಸಭೆಗೂ ದಾವಣಗೆರೆಯೇ. ಸಂತೆ, ಆಸ್ಪತ್ರೆ, ಕಾಲೇಜು ಅಂತ ಜನ ಬಸ್ಸು ಹತ್ತುವುದೂ ಹೆಚ್ಚಾಗಿ ದಾವಣಗೆರೆ ಕಡೆಗೇ. ಹೊಸಪೇಟೆ ಅದರ ಎರಡು ಪಟ್ಟಿಗೂ ಹೆಚ್ಚು ದೂರ.

ಇಷ್ಟೇ ಅಲ್ಲ. 1997ರ ಆಗಸ್ಟ್ 15ರವರೆಗೆ ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಅವತ್ತು ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. ಎರಡು ದಶಕ ಕಳೆದ ಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ, ಜಿಲ್ಲೆ ಮಾತ್ರ ಮೂರು ಸಲ ಬದಲಾಯ್ತು.

ಕಾರ್ಪೊರೇಟ್ ಕಚೇರಿಯಲ್ಲಿ ಕೆಲಸ ಮಾಡುವ ನಿಮಗೆ ಇದು ಗುರುತು ಸಿಕ್ಕಿರಬೇಕು. ಒಂದೇ ಸೀಟು, ಆದರೆ ವರ್ಷಕ್ಕೊಂದು ರೀ-ಆರ್ಗ್. ರಜೆ ಕೊಡೋ ಮ್ಯಾನೇಜರ್ ಒಬ್ಬರು, ಕೆಲಸ ಹೇಳೋರು ಇನ್ನೊಬ್ಬರು, ಬಜೆಟ್ ಹಿಡಿದುಕೊಂಡಿರೋರು ಮೂರನೆಯವರು. ಇದಕ್ಕೆ 'ಮ್ಯಾಟ್ರಿಕ್ಸ್' ಅಂತ ಚಂದದ ಹೆಸರು ಬೇರೆ.

ನಾನು ಕೆಲಸ ಮಾಡುವುದು ಇಂಥದೇ ಒಂದು ಕಚೇರಿಯ ಪಿಎಂಒದಲ್ಲಿ, ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸ್. ಈ ಅಂಕಣ ಓದುವ ಒಬ್ಬ ತಂಗಿ ಹೋದ ತಿಂಗಳು ಬರೆದಿದ್ದಳು: 'ನಮ್ಮ ಕಂಪನಿ ಈಗ ಎಜೈಲ್ ಅಂತೆ. ಎರಡು ವಾರಕ್ಕೊಂದು ಸ್ಪ್ರಿಂಟ್. ಆದ್ರೂ ಶುಕ್ರವಾರ ಸಂಜೆ ಪಿಎಂಒದವರ ಎಕ್ಸೆಲ್ ಶೀಟ್ ತಪ್ಪಿಲ್ಲ. ಇವರು ಯಾಕೆ ಬೇಕು ಅಕ್ಕಾ?'

ಪ್ರಶ್ನೆ ನನ್ನ ಅನ್ನಕ್ಕೇ ಕೈ ಹಾಕುವಂಥದ್ದು. ಆದರೂ ನ್ಯಾಯವಾದ ಪ್ರಶ್ನೆ. ಇವತ್ತು ಅದನ್ನೇ ಮಾತಾಡೋಣ.

ಎರಡು ವಾರದ ಲೆಕ್ಕ ನಮಗೆ ಹೊಸದಲ್ಲ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಸಾಫ್ಟ್‌ವೇರ್ ಪರಿಣತರು ಸೇರಿ ಎಜೈಲ್ ಪ್ರಣಾಳಿಕೆ ಬರೆದರು. ಅದರ ಸಾರ ಇಷ್ಟು: ಕಾಗದದ ಮೇಲಿನ ಯೋಜನೆಗೆ ಅಂಟಿಕೊಂಡು ಕೂರುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ.

ನಮ್ಮ ಮಳೆಯಾಶ್ರಿತ ಹೊಲದವರಿಗೆ ಇದನ್ನ ಯಾರೂ ಕಲಿಸಬೇಕಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಅಂತ ಒಂದೊಂದು ಮಳೆ ನಕ್ಷತ್ರಕ್ಕೂ 13-14 ದಿನ. ಒಂದು ಮಳೆ ಕೈ ಕೊಟ್ಟರೆ ಮುಂದಿನದಕ್ಕೆ ಏನು ಬಿತ್ತಬೇಕು, ಬೀಜ ಬದಲಿಸಬೇಕಾ, ಇನ್ನೊಂದು ವಾರ ಕಾಯಬೇಕಾ ಅಂತ ಕಟ್ಟೆ ಮೇಲೆ ಕೂತು ತೀರ್ಮಾನ ಆಗುತ್ತೆ. ಎರಡು ವಾರದ ಸ್ಪ್ರಿಂಟ್ ಅಂದ್ರೆ ಇದೇ ಅಲ್ವಾ?

ಆದರೆ ಒಂದು ವ್ಯತ್ಯಾಸ ಇದೆ. ಹೊಲದಲ್ಲಿ ತೀರ್ಮಾನ ಮಾಡುವವರೂ ಬಿತ್ತುವವರೂ ಒಬ್ಬರೇ. ಕಂಪನಿಯಲ್ಲಿ ಹಾಗಲ್ಲ. ನಿಮ್ಮ ತಂಡ ಎರಡು ವಾರದಲ್ಲಿ ಕೆಲಸ ಮುಗಿಸಬಹುದು. ಭದ್ರತಾ ವಿಭಾಗದ ಒಪ್ಪಿಗೆಗೆ ಮೂರು ವಾರ, ಖರೀದಿ ವಿಭಾಗಕ್ಕೆ ನಾಲ್ಕು ವಾರ, ವರ್ಷದ ಬಜೆಟ್ಟು ಮಾರ್ಚಿಗೇ ಮುಗಿದ ಕಥೆ. ತಂಡ ಚುರುಕಾಗಿದೆ, ಸಂಸ್ಥೆ ಚುರುಕಾಗಿಲ್ಲ. ಪಿಎಂಒಗೆ ನಿಜವಾದ ಕೆಲಸ ಇರುವುದು ಈ ಸಂದಿಯಲ್ಲಿ.

ಪಿಎಂಒಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಹೇಳುತ್ತಾರೆ: ನೆರವು ಕೊಡುವಂಥದ್ದು, ನಿಯಂತ್ರಿಸುವಂಥದ್ದು, ತಾನೇ ಪ್ರಾಜೆಕ್ಟ್ ನಡೆಸುವಂಥದ್ದು. ಯಾವ ಬಗೆಯಾದರೂ ನಾನು ಅಳೆಯುವ ಅಳತೆ ಒಂದೇ. ಇವರು ಬಂದ ಮೇಲೆ ಕಾಯುವ ದಿನಗಳು ಕಡಿಮೆ ಆದವಾ, ಜಾಸ್ತಿ ಆದವಾ?

ಪಹಣಿಯ ಪಾಠ

ಇದಕ್ಕೆ ದೊಡ್ಡ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಕಂದಾಯ ಇಲಾಖೆಯ 'ಭೂಮಿ' ಯೋಜನೆ ಸಾಕು.

2000ದ ಆಸುಪಾಸಿನವರೆಗೆ ಪಹಣಿ ಅಂದರೆ ಕೈಬರಹ. ಗ್ರಾಮ ಲೆಕ್ಕಾಧಿಕಾರಿಯ ಪುಸ್ತಕದಲ್ಲಿ ಏನಿದೆಯೋ ಅದೇ ಸತ್ಯ. ಅವರು ಸಿಕ್ಕ ದಿನ ಪಹಣಿ, ಸಿಗದ ದಿನ ವಾಪಸ್. ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನ ಕಂಪ್ಯೂಟರಿಗೆ ಹಾಕಿತು. ಆಗಿದ್ದ 177 ತಾಲ್ಲೂಕುಗಳಲ್ಲಿ ಪಹಣಿ ಕೇಂದ್ರ ತೆರೆಯಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಇದರ ಹಿಂದೆ ನಿಂತವರು ಆಗ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಮಾಡಿದ್ದು ಎನ್‌ಐಸಿ.

ಬೆಂಗಳೂರಿನಲ್ಲಿ ಇದಕ್ಕೊಂದು ಭೂಮಿ ಉಸ್ತುವಾರಿ ಕೋಶ ಇದೆ. ಅದೇ ಇಲ್ಲಿನ ಪಿಎಂಒ ಅನ್ನಿ. ಈ ಕೋಶ ಯಾರಿಗೂ ಪಹಣಿ ಕೊಡುವುದಿಲ್ಲ. ಕೊಡುವುದು ತಾಲ್ಲೂಕು ಕಚೇರಿ. ಹಾಗಾದರೆ ಯೋಜನೆಯನ್ನ ಮಧ್ಯದಿಂದ ನಡೆಸಿದವರು ಮಾಡಿದ್ದೇನು? ನನಗೆ ಕಾಣುವುದು ನಾಲ್ಕು ಕೆಲಸ.

ಒಂದು, ಎಲ್ಲ ಕಡೆ ಒಂದೇ ನಮೂನೆ. ಬೀದರಿನ ಪಹಣಿಯೂ ಚಾಮರಾಜನಗರದ ಪಹಣಿಯೂ ಒಂದೇ ರೀತಿ.

ಎರಡು, ಸರದಿ. ಖಾತೆ ಬದಲಾವಣೆಗೆ ಬಂದ ಅರ್ಜಿಯನ್ನ ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕು. ಪ್ರಭಾವಿಯ ಫೈಲು ಮೇಲೆ, ಬಡವನ ಫೈಲು ಕೆಳಗೆ ಅನ್ನೋದನ್ನ ತಂತ್ರಾಂಶ ಒಪ್ಪುವುದಿಲ್ಲ.

ಮೂರು, ಬೆಳಕು. ಕೇಂದ್ರದಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟರು. ಏನು ನಡೀತಿದೆ ಅಂತ ಕಾದವನಿಗೂ ಕಾಣಬೇಕು.

ನಾಲ್ಕು, ಹಳೆಯದಕ್ಕೆ ಕೊನೆ. ಹೊಸ ವ್ಯವಸ್ಥೆ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಮಾಡಿದರು. ಎರಡೂ ಇರಲಿ ಅಂದಿದ್ದರೆ ಯಾವುದೂ ಉದ್ಧಾರ ಆಗುತ್ತಿರಲಿಲ್ಲ.

ಈಗ ಅರಸೀಕೆರೆಗೆ ಬನ್ನಿ. ಜಿಲ್ಲೆ ಬಳ್ಳಾರಿ ಆಯ್ತು, ವಿಜಯನಗರ ಆಯ್ತು. ಪಹಣಿಯ ತಲೆಯಲ್ಲಿ ಜಿಲ್ಲೆಯ ಹೆಸರು ಬದಲಾಗುತ್ತೆ, ಆದರೆ ನಮೂನೆ ಅದೇ, ಸರ್ವೆ ನಂಬರ್ ಅದೇ, ಸರದಿಯ ನಿಯಮ ಅದೇ. ಮೇಲಿನ ರಚನೆ ಎಷ್ಟು ಸಲ ಅಲುಗಾಡಿದರೂ ಕೆಳಗಿನ ದಾರ ಕಡಿಯಲಿಲ್ಲ. ಕೆಲವು ವಿಷಯ ಗಟ್ಟಿಯಾಗಿ ಒಂದೇ ಥರ ಇದ್ದರೆ ಉಳಿದದ್ದನ್ನ ಬೇಗ ಬದಲಾಯಿಸಬಹುದು. ಎಜೈಲ್ ಅಂದರೆ ನಿಯಮವೇ ಬೇಡ ಅಂದುಕೊಂಡವರು ಮರೆಯುವುದು ಇದನ್ನೇ.

ಆದರೆ ಭೂಮಿಯನ್ನ ಹೊಗಳಿ ಮುಗಿಸಿದರೆ ಅರ್ಧ ಸತ್ಯ ಆಗುತ್ತೆ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ ಅಧ್ಯಯನ ಈ ಯೋಜನೆಯನ್ನ ಕಟುವಾಗಿ ಟೀಕಿಸಿತು. ಹಳ್ಳಿಯಲ್ಲಿದ್ದ ಅಧಿಕಾರ ಮೇಲಕ್ಕೆ ಹೋಯಿತು, ಅದರ ಲಾಭ ದೊಡ್ಡ ಕೈಗಳಿಗೆ ಸಿಕ್ಕಿತು ಎಂಬುದು ಆ ಟೀಕೆಯ ತಿರುಳು. ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಬಿದ್ದರೂ ಕೆಲಸ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆದವರನ್ನ ನಮ್ಮ ಹಳ್ಳಿಗಳಲ್ಲಿ ಕೇಳಿ ನೋಡಿ, ಹೇಳ್ತಾರೆ. 'ಮೊದ್ಲು ಲೆಕ್ಕಿಗನ್ನ ಹುಡುಕ್ತಿದ್ವಿ, ಈಗ ಸರ್ವರ್‌ನ ಹುಡುಕ್ತೀವಿ' ಅನ್ನೋ ಮಾತು ತಮಾಷೆಗೆ ಹುಟ್ಟಿದ್ದಲ್ಲ.

ಪಿಎಂಒಗೆ ಇಲ್ಲಿರುವ ಎಚ್ಚರಿಕೆ ಇದು. ನಮೂನೆ, ಸರದಿ, ಬೆಳಕು ಎಲ್ಲರಿಗೂ ಒಂದೇ ಇರಲಿ. ಸಣ್ಣ ತಿದ್ದುಪಡಿಯ ಅಧಿಕಾರ ಮಾತ್ರ ಕೆಲಸದ ಹತ್ತಿರ ಇರುವವರಿಗೇ ಬಿಡಿ. ಅದನ್ನೂ ಎತ್ತಿಕೊಂಡು ಹೋಗಿ ಮೇಲೆ ಇಟ್ಟುಕೊಂಡರೆ ಅಚ್ಚುಕಟ್ಟು ಇರುತ್ತೆ, ಚುರುಕು ಇರಲ್ಲ.

ಗಿರಣಿ ಮುಂದಿನ ಚೀಲಗಳು

ಇನ್ನು ಸಮಯದ ಲೆಕ್ಕ. ಹಿಟ್ಟಿನ ಗಿರಣಿ ಮುಂದೆ 12 ಚೀಲ ಸಾಲಿಗಿವೆ. ಗಿರಣಿ ಗಂಟೆಗೆ 4 ಚೀಲ ಬೀಸುತ್ತೆ. ಕೊನೆಯ ಚೀಲದವರು ಮನೆಗೆ ಹೋಗೋದು 3 ಗಂಟೆ ಆದ ಮೇಲೆ. ಗಿರಣಿಯವನಿಗೆ ಎಷ್ಟು ಬೈದರೂ ಈ ಲೆಕ್ಕ ಬದಲಾಗಲ್ಲ. ಇದೇ ಮಾತನ್ನ ಜಾನ್ ಲಿಟಲ್ ಎಂಬುವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಲಿಟಲ್‌ನ ನಿಯಮ ಅಂತಲೇ ಅದಕ್ಕೆ ಹೆಸರು. ಕೈಯಲ್ಲಿರುವ ಕೆಲಸ ಎಷ್ಟು, ಮುಗಿಯುವ ವೇಗ ಎಷ್ಟು, ಭಾಗಿಸಿದರೆ ಸರಾಸರಿ ಕಾಯುವ ಕಾಲ.

ಕಂಪನಿಗಳು ಮಾಡುವ ದೊಡ್ಡ ಎಡವಟ್ಟು ಇಲ್ಲೇ ಇರುವುದು. ಎಲ್ಲವನ್ನೂ ಒಟ್ಟಿಗೆ ಶುರು ಮಾಡ್ತಾರೆ. ನಾನು ಹತ್ತಿರದಿಂದ ಕಂಡ ಒಂದು ಕಚೇರಿಯಲ್ಲಿ 23 ಪ್ರಾಜೆಕ್ಟುಗಳಿದ್ದವು, 23ಕ್ಕೂ 'ಮೊದಲ ಆದ್ಯತೆ' ಅಂತ ಕೆಂಪು ಬಣ್ಣ. ಮೊದಲನೆಯದು ಅನ್ನೋದು 23 ಇರೋಕೆ ಸಾಧ್ಯಾನಾ?

ಅಲ್ಲಿ ಪಿಎಂಒದವರು ಮಾಡಿದ್ದು ಒಂದೇ ಕೆಲಸ. ಎಲ್ಲ ಪ್ರಾಜೆಕ್ಟುಗಳನ್ನ ಒಂದೇ ಗೋಡೆ ಮೇಲೆ ಸಾಲಾಗಿ ಅಂಟಿಸಿದರು. ಪ್ರತಿಯೊಂದರ ಪಕ್ಕ ಎರಡೇ ಅಂಕಿ: ಜನ ನಿಜವಾಗಿ ಕೆಲಸ ಮಾಡಿದ ದಿನ, ಅದು ಯಾರದೋ ಮೇಜಿನ ಮೇಲೆ ಕಾದ ದಿನ. ಹಣ ಪಾವತಿಯ ಪರದೆಯೊಂದರ ಸಣ್ಣ ಬದಲಾವಣೆಗೆ ಕೆಲಸ 4 ದಿನ, ಕಾದದ್ದು 5 ವಾರ. ಮೂರು ಸಮಿತಿ, ಮೂರರಲ್ಲೂ ಹೆಚ್ಚುಕಡಿಮೆ ಅದೇ ಪ್ರಶ್ನೆ.

ಆ ಗೋಡೆ ಮುಂದೆ ನಿಂತ ದೊಡ್ಡವರಿಗೆ ಯಾರೂ ಭಾಷಣ ಮಾಡಬೇಕಾಗಲಿಲ್ಲ. ಮೂರು ಸಮಿತಿಯವರು ವಾರಕ್ಕೆರಡು ಸಲ ಅರ್ಧ ಗಂಟೆ ಒಟ್ಟಿಗೆ ಕೂರುವುದು ಅಂತಾಯ್ತು. ಸಣ್ಣ ಬದಲಾವಣೆಗೆ ತಂಡದ ಮುಖ್ಯಸ್ಥೆಯ ಸಹಿ ಸಾಕು ಅಂತಾಯ್ತು. ಒಂದಷ್ಟು ಪ್ರಾಜೆಕ್ಟುಗಳನ್ನ 'ಈಗ ಬೇಡ' ಅಂತ ಬದಿಗಿಟ್ಟರು. ಬದಿಗಿಟ್ಟದ್ದಕ್ಕೇ ಉಳಿದವು ಓಡಿದವು.

ಈ 'ಈಗ ಬೇಡ' ಅನ್ನೋ ಮಾತು ತಂಡದ ಬಾಯಲ್ಲಿ ಬಂದರೆ ಉಡಾಫೆ ಅನ್ನಿಸಿಕೊಳ್ಳುತ್ತೆ. ಅಂಕಿ ಇಟ್ಟುಕೊಂಡು ಪಿಎಂಒ ಹೇಳಿದರೆ ಆಡಳಿತ ಅನ್ನಿಸಿಕೊಳ್ಳುತ್ತೆ. ತಂಡಕ್ಕೆ ನಾವು ಕೊಡಬಹುದಾದ ದೊಡ್ಡ ನೆರವು ಇದೇ.

ಹದಿನೈದು ಅಂಕಿಯ ಧೈರ್ಯ

ಬರೀ ಗೋಡೆ ಸಾಲದು. ಗಡುವು ಮೀರಿದರೆ ಏನು ಅನ್ನೋದೂ ಇರಬೇಕು. ಇದಕ್ಕೆ 'ಸಕಾಲ' ನೋಡಿ.

ಕರ್ನಾಟಕದ ನಾಗರಿಕ ಸೇವಾ ಖಾತರಿ ಕಾಯ್ದೆ 2011ರದ್ದು. 2012ರ ಮಾರ್ಚಿನಲ್ಲಿ ಔರಾದ್, ಪುತ್ತೂರು, ಧಾರವಾಡ, ಚಿತ್ರದುರ್ಗ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಜಾರಿ ಮಾಡಿದರು. ಶುರುವಿಗೆ 11 ಇಲಾಖೆಗಳ 151 ಸೇವೆ. ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ಒಂದು ಸಂಖ್ಯೆ. ಅರ್ಜಿ ಎಲ್ಲಿದೆ, ಯಾವ ದಿನಕ್ಕೆ ಸಿಗಬೇಕು ಅಂತ ಆ ಸಂಖ್ಯೆಯಿಂದ ತಿಳಿಯುತ್ತೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಮೇಲ್ಮನವಿಗೆ ಒಬ್ಬ ಅಧಿಕಾರಿ.

ಮೊದಲು ನಾಲ್ಕು ತಾಲ್ಲೂಕು, ಆಮೇಲೆ ರಾಜ್ಯ. ಮೊದಲು 151 ಸೇವೆ, ಆಮೇಲೆ ಹಂತಹಂತವಾಗಿ ನೂರಾರು. ಇದನ್ನ ಯಾರೂ ಎಜೈಲ್ ಅಂತ ಕರೆಯಲಿಲ್ಲ, ಆದರೆ ನಡೆ ಅದೇ.

20 ರೂಪಾಯಿ ದೊಡ್ಡ ಮೊತ್ತ ಅಲ್ಲ. ಆದರೆ ಅದರ ಅರ್ಥ ದೊಡ್ಡದು. ಕಾಯಿಸುವುದಕ್ಕೂ ಬೆಲೆ ಇದೆ, ಅದನ್ನ ಕಾಯಿಸಿದವರು ಕೊಡಬೇಕು ಅಂತ ಕಾಯ್ದೆ ಒಪ್ಪಿಕೊಂಡಿತು. ನಿಮ್ಮ ಕಂಪನಿಯಲ್ಲಿ ಪ್ರಾಜೆಕ್ಟ್ ತಡವಾದರೆ ಲೆಕ್ಕ ಯಾರ ತಲೆಗೆ ಬರುತ್ತೆ? ಕೊನೆಯಲ್ಲಿ ಸಿಕ್ಕಿಬಿದ್ದ ಡೆವಲಪರ್ ಮತ್ತು ಟೆಸ್ಟರ್ ತಲೆಗೆ. ಅವರ ಶನಿವಾರ ಹೋಗುತ್ತೆ. ನಡುವೆ ಎರಡು ವಾರ ಫೈಲ್ ಇಟ್ಟುಕೊಂಡವರಿಗೆ ಏನೂ ಇಲ್ಲ. ಒಳ್ಳೆ ಪಿಎಂಒ ಒಪ್ಪಿಗೆ ಕೊಡುವವರಿಗೂ ಗಡುವು ಹಾಕುತ್ತೆ. ಮೂರು ದಿನದಲ್ಲಿ ಉತ್ತರ ಬರದಿದ್ದರೆ ವಿಷಯ ತಾನಾಗಿ ಮೇಲಿನವರಿಗೆ ಹೋಗಬೇಕು. ತಂಡದವರು ದಿನಾ ನೆನಪು ಮಾಡಿ ಕೆಟ್ಟವರಾಗಬಾರದು.

ನಮ್ಮ ಕಡೆ ಈ ಗಡುವಿನ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ. ಸಂವಿಧಾನದ 371ಜೆ ವಿಧಿ 98ನೇ ತಿದ್ದುಪಡಿಯಿಂದ ಬಂದಾಗ ಬಳ್ಳಾರಿ ಜಿಲ್ಲೆ ಒಳಗಿತ್ತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಅದೇ ಮಣ್ಣು, ಅದೇ ಬರ, ಆದರೆ ಮೀಸಲಾತಿ ಇಲ್ಲ. ವರ್ಷಗಟ್ಟಲೆ ಹೋರಾಟ ನಡೆದ ಮೇಲೆ ಸೌಲಭ್ಯ ಸಿಕ್ಕಿತು. ಈಗ ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ನೇಮಕಾತಿಯ ಕೊನೆಯ ದಿನಾಂಕ ಇಪ್ಪತ್ತು, ಪತ್ರ ಕೈಗೆ ಸಿಕ್ಕಿದ್ದು ಇಪ್ಪತ್ತೊಂದು ಅಂದರೆ ಆ ಒಂದು ದಿನದ ತಡ ಒಬ್ಬರ ಜೀವನದ ದಾರಿಯನ್ನೇ ಬದಲಿಸುತ್ತೆ. ಚುರುಕುತನ ಅನ್ನೋದು ಪಿಪಿಟಿಯಲ್ಲಿ ಹಾಕುವ ಬಾಣದ ಗುರುತಲ್ಲ. ಕಾಯುತ್ತಿರುವ ಯಾರದೋ ಒಂದು ದಿನ.

ಸನ್ನೆ ಹಾಕೋರ ಕೆಲಸ

ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಹೋಗುವವರಿಗೆ ಗುರು ಕೊಟ್ಟೂರೇಶ್ವರನ ತೇರು ಗೊತ್ತು. ಹಗ್ಗ ಹಿಡಿದು ಎಳೆಯುವವರು ಸಾವಿರಾರು ಜನ. ಗಾಲಿಯ ಪಕ್ಕ ಮರದ ತುಂಡು ಹಿಡಿದುಕೊಂಡು ಕೆಲವೇ ಜನ ಇರ್ತಾರೆ, ಸನ್ನೆ ಹಾಕೋರು. ತೇರು ಎಡಕ್ಕೆ ವಾಲಿದರೆ ಆ ಗಾಲಿಗೆ ಸನ್ನೆ, ಬಲಕ್ಕೆ ತಿರುಗಬೇಕಾದರೆ ಈ ಗಾಲಿಗೆ ಸನ್ನೆ. ಅವರು ತೇರು ಎಳೆಯುವುದಿಲ್ಲ. ಎಳೆಯುವವರಿಗೆ 'ಯಾಕೆ ನಿಧಾನ?' ಅಂತ ಕೇಳುವುದೂ ಇಲ್ಲ. ಅವರ ಕಣ್ಣು ಗಾಲಿಯ ಮೇಲೆ, ದಾರಿಯ ಮೇಲೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದನ್ನ ನೋಡಿದವರಿಗೆ ಗೊತ್ತು, ಎಳೆಯುವ ಉತ್ಸಾಹ ಎಷ್ಟೇ ಇರಲಿ, ಗಾಲಿಯ ಕಡೆಗೂ ಕಣ್ಣಿರಬೇಕು.

ಪಿಎಂಒ ಇರಬೇಕಾದದ್ದು ಆ ಜಾಗದಲ್ಲಿ. ಆದರೆ ಎಷ್ಟೋ ಕಡೆ ಅವರು ತೇರಿನ ಮೇಲೆ ಹತ್ತಿ ಕೂತಿರುತ್ತಾರೆ. ಕೆಳಗಿನವರು ಎಳೀಬೇಕು, ಮೇಲಿನವರಿಗೆ ವರದಿನೂ ಕೊಡಬೇಕು. ಆಗಲೇ 'ಕಲ್ಲಂಗಡಿ ವರದಿ' ಹುಟ್ಟುವುದು: ಹೊರಗೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು. ಕೆಂಪು ತೋರಿಸಿದವರಿಗೆ ಬೈಗುಳ ಸಿಗುತ್ತೆ ಅಂದರೆ ಯಾರಾದರೂ ಯಾಕೆ ತೋರಿಸ್ತಾರೆ ಹೇಳಿ?

ಹಾಗಾಗಿ, ಪ್ರಶ್ನೆ ಕೇಳಿದ ತಂಗಿಗೆ ನನ್ನ ಉತ್ತರ ಇದು. ಪಿಎಂಒ ಬೇಕು, ಆದರೆ ನೀನು ಅವರನ್ನ ಹೀಗೆ ಕೇಳಬಹುದು. ಜಗಳಕ್ಕಲ್ಲ, ಮುಂದಿನ ಮೀಟಿಂಗಿನಲ್ಲಿ ವಿನಯವಾಗಿಯೇ.

ನಾನು ಕಳಿಸುವ ವರದಿ ಓದಿ ಹೋದ ತಿಂಗಳು ಯಾವ ತೀರ್ಮಾನ ಬದಲಾಯ್ತು? ಒಂದೂ ಇಲ್ಲ ಅಂದರೆ ಆ ವರದಿ ನಿಲ್ಲಿಸಬಹುದಾ? ಜಿರಾದಲ್ಲಿ ಇರುವ ಮಾಹಿತಿಯನ್ನ ಮತ್ತೆ ಎಕ್ಸೆಲ್‌ನಲ್ಲಿ ಯಾಕೆ ತುಂಬಬೇಕು, ನೀವೇ ಅಲ್ಲಿಂದ ತೆಗೆದುಕೊಳ್ಳಬಹುದಾ? ನಮ್ಮ ಕೆಲಸ ಎಲ್ಲಿ, ಎಷ್ಟು ದಿನ ಕಾಯ್ತಿದೆ ಅಂತ ಗೋಡೆ ಮೇಲೆ ಹಾಕ್ತೀರಾ? ನಾವೇ ತೀರ್ಮಾನ ಮಾಡಬಹುದಾದ ಸಣ್ಣ ವಿಷಯಗಳ ಪಟ್ಟಿ ಬರೆದು ಕೊಡ್ತೀರಾ? ಹಣವನ್ನ ವರ್ಷಕ್ಕೊಮ್ಮೆ ಹಂಚುವ ಬದಲು ಮೂರು ತಿಂಗಳಿಗೊಮ್ಮೆ ಕೂತು ನೋಡೋಕೆ ಮೇಲಿನವರನ್ನ ಒಪ್ಪಿಸ್ತೀರಾ?

ಇದರಲ್ಲಿ ಎರಡಕ್ಕೆ ಹೂಂ ಅಂದರೂ ಸಾಕು, ನಿಮ್ಮಲ್ಲಿರುವವರು ಸನ್ನೆ ಹಾಕೋರು. ಒಂದಕ್ಕೂ ಉತ್ತರ ಇಲ್ಲ, ಬದಲಿಗೆ ಈ ಪ್ರಶ್ನೆಗಳಿಗೊಂದು ಹೊಸ ಫಾರ್ಮ್ ತುಂಬು ಅಂದರೆ, ಆ ಫಾರ್ಮನ್ನೇ ನಿಮ್ಮ ನಿರ್ದೇಶಕರಿಗೆ ತೋರಿಸು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲ್ಲ.

ನಾನೂ ಈ ಐದು ಪ್ರಶ್ನೆಗಳನ್ನ ಪ್ರಿಂಟ್ ತೆಗೆದು ನಮ್ಮ ಕಚೇರಿಯ ಕಾಫಿ ಮೆಷಿನ್ ಪಕ್ಕ ಅಂಟಿಸುತ್ತಿದ್ದೇನೆ. ಸೋಮವಾರ ಯಾರು ಏನು ಕೇಳ್ತಾರೋ ನೋಡಬೇಕು.